ಬ್ರೇಕಿನೊಳಗಣ ದ್ರವ

ಶಾಲೆಯ ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಯಿತ್ತಾಗ ನಾನು ಕೆಲವು ದಿನ ಹಿಂಜರಿದೆನು. ಈ ಸಂಚಿಕೆಯಲ್ಲಿ ಕಾವ್ಯವಿಚಾರಗಳೂ ಪ್ರವಾಸಕಥನಗಳೂ ಬರುವುದು ವಾಡಿಕೆ. ನಾನಾದರೋ ಹಗಲು ಮುಂಬಯಿಯ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದು, ರಾತ್ರಿ ಈ ಶಾಲೆಯ ಬೆಂಚಿನ ಮೇಲೆ ಕುಳಿತು ಎಸ್.ಎಸ್.ಸಿ. ಮುಗಿಸಿದವನು. ನನಗೆ ತಿಳಿದಿರುವುದು ಯಂತ್ರಗಳ ವಿಷಯವೊಂದೇ. "ಹಾಗಾದರೆ ಅದನ್ನೇ ಬರೆಯಿರಿ" ಎಂದರು. ಆದುದರಿಂದ ಈ ಲೇಖನದಲ್ಲಿ ರಸಕ್ಕಿಂತ ದ್ರವವೇ ಹೆಚ್ಚಾಗಿ ಕಂಡುಬಂದರೆ ವಾಚಕರು ಮನ್ನಿಸಬೇಕು.

ಎ.ಟಿ.ವಿ. ಎಂಬ ನಾಲ್ಕು ಗಾಲಿಯ ಬಂಡಿಯನ್ನು ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. ಅಲಿಬಾಗಿನ ಮರಳದಂಡೆಯಲ್ಲಿ, ಲೋಣಾವಳೆ ಪಂಚಗಣಿಗಳ ಗುಡ್ಡಗಳಲ್ಲಿ ರಜೆಯ ಜನರಿಗೆ ಇದನ್ನು ಬಾಡಿಗೆಗೆ ಕೊಡುತ್ತಾರೆ. ಎಲ್ಲ ಬಗೆಯ ನೆಲದ ಮೇಲೂ ಓಡಬಲ್ಲ ಬಂಡಿ ಎಂಬುದು ಆ ಹೆಸರಿನ ಅರ್ಥ. ಕೂರುವುದು ಕುದುರೆಯ ಮೇಲೆ ಕುಳಿತಂತೆ. ತಿರುಗಿಸುವುದು ಮೋಟಾರು ಸೈಕಲಿನಂತೆ ಹ್ಯಾಂಡಲಿನಿಂದ. ಗಾಲಿಗಳು ಮಾತ್ರ ಅಗಲವಾಗಿ, ಗಾಳಿ ತುಂಬಿದ ದಿಂಬುಗಳಂತೆ ಮೆತ್ತಗಿರುತ್ತವೆ. ಕಾರಿನ ಗಾಲಿಯಲ್ಲಿ ಸುಮಾರು ೩೦ ಪೌಂಡಿನ ಒತ್ತಡವಿದ್ದರೆ ಇದರಲ್ಲಿ ಸುಮಾರು ೫ ಪೌಂಡು ಮಾತ್ರ. ೧೯೭೦ರಲ್ಲಿ ಜಪಾನಿನ ಹೋಂಡಾ ಕಂಪನಿಯು ಅಮೆರಿಕದ ಮಾರುಕಟ್ಟೆಗೆ ಮೂರು ಗಾಲಿಯ ಇಂತಹ ವಾಹನವನ್ನು ಕಳುಹಿಸಿತು. ೧೯೮೦ರ ದಶಕದ ಆರಂಭದಲ್ಲಿ ಸುಝುಕಿಯವರು ನಾಲ್ಕು ಗಾಲಿಯದನ್ನು ತಂದರು. ಮೂರು ಗಾಲಿಯವು ಮಗುಚಿ ಬಿದ್ದು ಸಾವುನೋವುಗಳು ಹೆಚ್ಚಿದುದರಿಂದ ೧೯೮೮ರಲ್ಲಿ ತಯಾರಕರು ಅಲ್ಲಿನ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಹೊಸ ಮೂರು ಗಾಲಿಯವುಗಳ ಮಾರಾಟವನ್ನು ಅಮೆರಿಕದಲ್ಲಿ ನಿಲ್ಲಿಸಿದರು. ಬೇರೆ ದೇಶಗಳಲ್ಲಿ ರೈತರೂ ಅರಣ್ಯದವರೂ ಇದನ್ನು ದುಡಿಮೆಗೆ ಬಳಸುತ್ತಾರೆ. ನಮ್ಮ ಕಡೆ ಇದು ಬಹುಮಟ್ಟಿಗೆ ವಿನೋದದ ವಸ್ತು. ವಿನೋದದ ವಸ್ತುವೆಂದೇ ಅದರ ಬ್ರೇಕಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ಕರ್ಜತಿನ ಸಮೀಪದ ಒಂದು ವಿಹಾರಧಾಮದಲ್ಲಿ ಇಂತಹ ಮೂರು ಬಂಡಿಗಳನ್ನು ನೋಡಿಕೊಳ್ಳುವ ಕೆಲಸ ನನಗೆ ದೊರೆತಿತ್ತು. ವಾರಕ್ಕೊಮ್ಮೆ ರೈಲಿನಲ್ಲಿ ಹೋಗಿ ಎಂಜಿನ್ನಿನ ಎಣ್ಣೆ, ಗಾಳಿಶೋಧಕ, ಗಾಲಿ, ಸರಪಳಿ ಎಲ್ಲವನ್ನೂ ನೋಡಿ ಬರುತ್ತಿದ್ದೆನು. ಬ್ರೇಕಿನ ದ್ರವದ ಕುಡಿಕೆಯನ್ನೂ ನೋಡುತ್ತಿದ್ದೆನು. ಅದರಲ್ಲಿ ದ್ರವವು ಗೆರೆಯ ಮಟ್ಟಕ್ಕೆ ಇರುತ್ತಿತ್ತು, ಅಷ್ಟಕ್ಕೇ ತೃಪ್ತನಾಗುತ್ತಿದ್ದೆನು. ಐದು ವರ್ಷಗಳ ಕಾಲ ಆ ದ್ರವವನ್ನು ಒಮ್ಮೆಯೂ ಬದಲಾಯಿಸಲಿಲ್ಲ. ಇದರ ಫಲವನ್ನು ೨೦೧೯ರ ಮೇ ತಿಂಗಳಲ್ಲಿ ಅನುಭವಿಸಿದೆನು. ಅದನ್ನು ಹೇಳುವ ಮುನ್ನ ಬ್ರೇಕಿನ ಒಳಗೆ ನಡೆಯುವುದೇನೆಂದು ತಿಳಿಸುವುದು ಅವಶ್ಯ.

ನಮ್ಮ ರಾತ್ರಿ ತರಗತಿಯಲ್ಲಿ ವಿಜ್ಞಾನದ ಗುರುಗಳು ಒಂದು ದಿನ ಎರಡು ಗಾಜಿನ ಪಿಚಕಾರಿಗಳನ್ನು ತಂದಿದ್ದರು. ಒಂದು ಸಣ್ಣದು, ಇನ್ನೊಂದು ದೊಡ್ಡದು. ಎರಡಕ್ಕೂ ನೀರು ತುಂಬಿ ನಡುವೆ ರಬ್ಬರು ನಳಿಕೆಯನ್ನು ಜೋಡಿಸಿ, ಸಣ್ಣದನ್ನು ನನ್ನ ಕೈಗೂ ದೊಡ್ಡದನ್ನು ತರಗತಿಯಲ್ಲೆಲ್ಲ ಗಟ್ಟಿಮುಟ್ಟಾಗಿದ್ದ ಹುಡುಗನ ಕೈಗೂ ಕೊಟ್ಟರು. ಅವನು ಹಗಲಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದವನು. ನಾನು ಹೆಬ್ಬೆರಳಿನಿಂದ ಒತ್ತಿದರೆ ಅವನು ಅಂಗೈಯ ಬಲದಿಂದಲೂ ತಡೆಯಲಾರದೆ ಹೋದನು. ತರಗತಿಯೆಲ್ಲ ನಕ್ಕಿತು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಂದಿಲ್ಲದೆ ಎಲ್ಲ ದಿಕ್ಕಿಗೂ ಹರಡುವುದೆಂಬ ಪ್ಯಾಸ್ಕಲನ ನಿಯಮವನ್ನು ಅಂದು ಕಲಿತದ್ದು ಇಂದಿಗೂ ಮರೆತಿಲ್ಲ. ೧೬೨೩ರಲ್ಲಿ ಹುಟ್ಟಿ ೧೬೬೨ರಲ್ಲಿ ತೀರಿಕೊಂಡ ಆ ಫ್ರೆಂಚ್ ಪಂಡಿತನ ಈ ವಿಷಯದ ಗ್ರಂಥವು ಅಚ್ಚಾದುದು ಅವನು ಸತ್ತ ಮರುವರ್ಷ.

ಎ.ಟಿ.ವಿ.ಯ ಬ್ರೇಕು ಈ ಎರಡು ಪಿಚಕಾರಿಗಳೇ. ಹ್ಯಾಂಡಲಿನ ಬಳಿ ಇರುವ ಸಣ್ಣದಕ್ಕೆ ಮಾಸ್ಟರ್ ಸಿಲಿಂಡರೆಂದು ಹೆಸರು. ಅದರ ಮೇಲೆಯೇ ದ್ರವದ ಕುಡಿಕೆ ಕುಳಿತಿರುತ್ತದೆ. ಗಾಲಿಯ ಬಳಿ ಇರುವ ದೊಡ್ಡದಕ್ಕೆ ಕ್ಯಾಲಿಪರೆಂದು ಹೆಸರು. ಅದು ಇಕ್ಕಳದಂತೆ ಉಕ್ಕಿನ ತಟ್ಟೆಯೊಂದನ್ನು ಎರಡು ಪ್ಯಾಡುಗಳ ನಡುವೆ ಹಿಡಿಯುತ್ತದೆ. ತಟ್ಟೆಯು ಗಾಲಿಯೊಡನೆ ತಿರುಗತಕ್ಕದ್ದು. ಆದುದರಿಂದ ತಟ್ಟೆ ನಿಂತರೆ ಗಾಲಿಯೂ ನಿಲ್ಲುತ್ತದೆ. ಕಾರುಗಳಿಗೆ ಇಂತಹ ದ್ರವದ ಬ್ರೇಕನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ೧೯೧೦ರ ದಶಕದಲ್ಲಿ ರೂಪಿಸಿದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗಳಿಗೂ ಇದನ್ನು ಪಡೆದು ಹೊರಬಂದಿತು.

ಸ್ವಲ್ಪ ಲೆಕ್ಕ ಮಾಡೋಣ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ವ್ಯಾಸ ೧೨.೭ ಮಿಲಿಮೀಟರು, ಅಂದರೆ ಅರ್ಧ ಅಂಗುಲ, ಎಂದಿಟ್ಟುಕೊಳ್ಳಿ. ಅದರ ಮುಖದ ವಿಸ್ತಾರವು ಸುಮಾರು ೧.೨೭ ಚದರ ಸೆಂಟಿಮೀಟರು. ಬೆರಳುಗಳಿಂದ ಹಿಡಿಯನ್ನು ೧೦ ಕಿಲೋಗ್ರಾಮಿನ ಭಾರದಷ್ಟು ಅದುಮಿದರೆ, ಸನ್ನೆಗೋಲಿನ ಕ್ರಮದಿಂದ ಅದು ೫ ಪಟ್ಟಾಗಿ ಪಿಸ್ಟನ್ನಿನ ಮೇಲೆ ೫೦ ಕಿಲೋಗ್ರಾಂ ಬೀಳುವುದು. ದ್ರವದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ ೪೦ ಕಿಲೋಗ್ರಾಂ ಆಯಿತು. ಕ್ಯಾಲಿಪರಿನ ಪಿಸ್ಟನ್ನು ೩೨ ಮಿಲಿಮೀಟರು ವ್ಯಾಸದ್ದಾದರೆ ಅದರ ವಿಸ್ತಾರ ಸುಮಾರು ೮ ಚದರ ಸೆಂಟಿಮೀಟರು. ಪ್ಯಾಡು ತಟ್ಟೆಯನ್ನು ಒತ್ತುವ ಬಲವು ೩೦೦ ಕಿಲೋಗ್ರಾಮಿಗೂ ಮೀರುವುದು! ನಾಲ್ಕು ಬೆರಳಿನ ಕೆಲಸಕ್ಕೆ ಇದು ಕಡಿಮೆಯ ಪ್ರತಿಫಲವಲ್ಲ.

ಆದರೆ ಪ್ರಕೃತಿಯು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲವು ಹೆಚ್ಚಿದಷ್ಟು ಚಲನೆಯು ಕುಗ್ಗಬೇಕು. ಹಿಡಿಯನ್ನು ಪೂರ್ತಿ ಎಳೆದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಒಂದು ಸೆಂಟಿಮೀಟರು ಸರಿದರೆ ಅದು ತಳ್ಳುವ ದ್ರವವು ೧.೨೭ ಘನ ಸೆಂಟಿಮೀಟರು ಮಾತ್ರ, ಒಂದು ಚಹಾ ಚಮಚೆಯ ಕಾಲು ಪಾಲು. ಈ ಅತ್ಯಲ್ಪ ದ್ರವವೇ ಬಂಡಿಯನ್ನು ನಿಲ್ಲಿಸಬೇಕು. ಈಗ ಕೊಳವೆಯೊಳಗೆ ಎಲ್ಲಿಯೋ ೧ ಘನ ಸೆಂಟಿಮೀಟರಿನ ಗಾಳಿಗುಳ್ಳೆಯೊಂದು ಸೇರಿದೆ ಎಂದು ಭಾವಿಸಿರಿ. ದ್ರವವು ಒತ್ತಡಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಗಾಳಿ ಹಾಗಲ್ಲ, ೪೦ ಪಟ್ಟು ಒತ್ತಡಕ್ಕೆ ಅದು ಸುಮಾರು ನಲವತ್ತನೆಯ ಒಂದು ಪಾಲಿಗೆ ಮುದುಡುವುದು. ತಳ್ಳಿದ ೧.೨೭ ಘನ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ೧ ಪೂರ್ತಿ ಆ ಗುಳ್ಳೆಯನ್ನು ಹಿಂಡುವುದಕ್ಕೇ ವೆಚ್ಚವಾಗಿ, ಗಾಲಿಗೆ ಉಳಿಯುವುದು ಕೇವಲ ಕಾಲು ಭಾಗ. ಹಿಡಿಯು ಹ್ಯಾಂಡಲಿಗೆ ತಗುಲುವುದು. ಬಂಡಿ ಓಡುತ್ತಲೇ ಇರುವುದು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗುಳ್ಳೆಯ ಪರಾಕ್ರಮವಿದು.

ಗಾಳಿಯಾದರೂ ಪ್ರಕಟವಾದ ಶತ್ರು. ಹಿಡಿಯನ್ನು ಅದುಮಿದೊಡನೆ ಹತ್ತಿಯ ಮೂಟೆಯನ್ನು ಅದುಮಿದಂತಾಗಿ ಅದರ ಸುಳಿವು ತಿಳಿಯುವುದು. ಇದಕ್ಕಿಂತ ಹೆಚ್ಚು ಕಪಟಿಯಾದುದು ನೀರು. ಗ್ಯಾರೇಜುಗಳಲ್ಲಿ ನಾವು "ಬ್ರೇಕ್ ಆಯಿಲ್" ಎನ್ನುತ್ತೇವಾದರೂ ಈ ದ್ರವವು ಎಣ್ಣೆಯೇ ಅಲ್ಲ. ಎಣ್ಣೆಯನ್ನು ಹಾಕಿದರೆ ಒಳಗಿನ ರಬ್ಬರು ಬಳೆಗಳು ಉಬ್ಬಿ ಕೆಟ್ಟುಹೋಗುತ್ತವೆ. ಇದು ಗ್ಲೈಕಾಲ್ ಜಾತಿಯ ರಾಸಾಯನಿಕ. ಮಳೆಗಾಲದಲ್ಲಿ ಉಪ್ಪು ಹೇಗೆ ನೀರೊಡೆಯುವುದೋ ಹಾಗೆ ಇದೂ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಕುಡಿಕೆಯ ಮುಚ್ಚಳದಲ್ಲಿರುವ ಸೂಕ್ಷ್ಮ ರಂಧ್ರದಿಂದಲೂ, ನೋಡಲು ಭದ್ರವಾಗಿರುವ ರಬ್ಬರು ನಳಿಕೆಯ ಗೋಡೆಯ ಮೂಲಕವೂ ತೇವವು ದಿನದಿನಕ್ಕೆ ಒಳಸೇರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಂಕಣದ ಹವೆಯಲ್ಲಿ ಬಟ್ಟೆ ಒಣಗಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೀರಿದರೆ ಹೀರಲಿ, ಕೇಡೇನು ಎಂದು ಕೇಳಬಹುದು. ಕೇಡಿರುವುದು ಕುದಿಯುವುದರಲ್ಲಿ. ಡಬ್ಬಿಗಳ ಮೇಲೆ ಡಿ.ಒ.ಟಿ. ೩, ಡಿ.ಒ.ಟಿ. ೪ ಎಂದು ಅಚ್ಚಾಗಿರುವುದನ್ನು ನೋಡಿ. ಅದು ಅಮೆರಿಕದ ಸಾರಿಗೆ ಇಲಾಖೆ ಗೊತ್ತುಮಾಡಿದ ದರ್ಜೆ. ೪ನೆಯ ದರ್ಜೆಯ ಹೊಸ ದ್ರವವು ೨೩೦ ಡಿಗ್ರಿ ಸೆಂಟಿಗ್ರೇಡಿಗಿಂತ ಮುಂಚೆ ಕುದಿಯಕೂಡದು. ನೂರಕ್ಕೆ ೩.೭ ಪಾಲು ನೀರು ಸೇರಿದ ಮೇಲೆ ಕುದಿಯುವ ಅಂಶವು ೧೫೫ಕ್ಕಿಂತ ಕೆಳಗಿಳಿಯಕೂಡದು ಎಂದು ನಿಯಮ. ೩ನೆಯ ದರ್ಜೆಗೆ ಈ ಅಂಕಿಗಳು ೨೦೫ ಮತ್ತು ೧೪೦. ನಾಲ್ಕು ಪಾಲಿಗೂ ಕಡಿಮೆಯಾದ ನೀರು ೭೫ ಡಿಗ್ರಿಯಷ್ಟು ರಕ್ಷಣೆಯನ್ನು ನುಂಗಿಬಿಡಬಲ್ಲುದು. ಇಷ್ಟಾದರೂ ದ್ರವದ ಮಟ್ಟ ಕುಡಿಕೆಯಲ್ಲಿ ಗೆರೆಯಷ್ಟೇ ಇರುವುದು, ಹಿಡಿಯೂ ಗಟ್ಟಿಯಾಗಿಯೇ ಇರುವುದು. ತಣ್ಣಗಿರುವ ತನಕ ಅದು ಹೊಸ ದ್ರವದಂತೆಯೇ ವರ್ತಿಸುವುದು.

ಇನ್ನು ೨೦೧೯ರ ಮಾತು. ಬೆಟ್ಟದ ನೆತ್ತಿಯಿಂದ ಧಾಮದ ಅಂಗಳಕ್ಕೆ ಸುಮಾರು ನೂರು ಮೀಟರು ಇಳಿತವಿರುವ ಮಣ್ಣಿನ ಹಾದಿಯೊಂದು ಹೊಸದಾಗಿ ತಯಾರಾಗಿತ್ತು. ಅತಿಥಿಗಳನ್ನು ಬಿಡುವ ಮೊದಲು ಒಮ್ಮೆ ನಾನೇ ಓಡಿಸಿ ನೋಡುವೆನೆಂದು ಹೊರಟೆನು. ಆ ಬಂಡಿಗೆ ಗೇರುಗಳಿಲ್ಲದ ಪಟ್ಟಿಯ ಚಾಲನೆ. ವೇಗ ತಗ್ಗಿದಾಗ ಪಟ್ಟಿಯ ಹಿಡಿತ ಸಡಿಲಗೊಂಡು ಎಂಜಿನ್ನಿನಿಂದ ತಡೆಯೇ ದೊರೆಯುತ್ತಿರಲಿಲ್ಲ. ಇಳಿಜಾರಿನ ಭಾರವೆಲ್ಲ ಬ್ರೇಕಿನ ಪಾಲಿಗೆ ಬಂದಿತು. ಬಂಡಿಯೂ ನಾನೂ ಸೇರಿ ೪೦೦ ಕಿಲೋಗ್ರಾಂ ಎನ್ನಿ. ನೂರು ಮೀಟರು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ, ೩೦ ಡಿಗ್ರಿಯಲ್ಲಿರುವ ಹೆಚ್ಚುಕಡಿಮೆ ೧.೩ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದರ ಬಹುಪಾಲು ಅಂಗೈಯಷ್ಟಗಲದ ಆ ಉಕ್ಕಿನ ತಟ್ಟೆಗಳಿಗೆ ಸೇರುವುದು. ಅಲ್ಲಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಅದರ ಹಿಂದೆ ನಿಂತ ದ್ರವಕ್ಕೆ.

ಹಿಡಿಯನ್ನು ಅದುಮಿ ಹಿಡಿದಿರುವ ತನಕ ಏನೂ ಆಗಲಿಲ್ಲ. ಒತ್ತಡದಲ್ಲಿರುವ ದ್ರವವು ಅಷ್ಟು ಸುಲಭವಾಗಿ ಕುದಿಯದು. ಅಡುಗೆಮನೆಯ ಕುಕ್ಕರಿನ ಕ್ರಮವೇ ಇದು. ಮುಕ್ಕಾಲು ಹಾದಿ ಇಳಿದ ಮೇಲೆ ಅಡ್ಡಲಾಗಿ ಎಮ್ಮೆಯೊಂದು ಕಾಣಿಸಿತು. ಅದನ್ನು ಬಳಸಿ ಹೋಗಲು ಹಿಡಿಯನ್ನು ಒಂದು ಕ್ಷಣ ಸಡಿಲಿಸಿದೆನು. ಒತ್ತಡ ಇಲ್ಲವಾದ ಆ ಕ್ಷಣದಲ್ಲಿ ಕ್ಯಾಲಿಪರಿನೊಳಗಿನ ನೀರು ಆವಿಯಾಯಿತು. ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುವುದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಆ ಆವಿಯು ದ್ರವವನ್ನು ಕೊಳವೆಯ ಮೂಲಕ ಹಿಂದಕ್ಕೆ ಕುಡಿಕೆಗೆ ನೂಕಿತು. ನಾನು ಮತ್ತೆ ಅದುಮಿದಾಗ ಹಿಡಿಯು ಯಾವ ಪ್ರತಿರೋಧವೂ ಇಲ್ಲದೆ ಹ್ಯಾಂಡಲಿಗೆ ಬಂದು ತಾಗಿತು. ಅದು ಹೇಗಿರುವುದೆಂದರೆ, ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲನ್ನು ತುಳಿದಂತೆ. ಬಂಡಿಯನ್ನು ಬೆಟ್ಟದ ಕಡೆಯ ದಿಬ್ಬಕ್ಕೆ ತಿರುಗಿಸಿದೆನು. ಬಂಡಿ ನಿಂತಿತು, ನಾನು ನಿಲ್ಲಲಿಲ್ಲ. ಕೊರಳೆಲುಬು ಮುರಿದು ಆರು ವಾರ ತೋಳು ಜೋಳಿಗೆಯಲ್ಲಿತ್ತು.

ವಿಚಿತ್ರವೆಂದರೆ, ಮರುದಿನ ಬೆಳಗ್ಗೆ ಧಾಮದವರು ಅದೇ ಬಂಡಿಯ ಬ್ರೇಕನ್ನು ಅದುಮಿ ನೋಡಿದಾಗ ಅದು ಕಲ್ಲಿನಂತೆ ಗಟ್ಟಿಯಾಗಿತ್ತು! ಆವಿಯು ತಣಿದು ಮತ್ತೆ ನೀರಾಗಿ ದ್ರವದಲ್ಲಿ ಬೆರೆತುಹೋಗಿತ್ತು. "ಬ್ರೇಕು ಸರಿಯಾಗಿಯೇ ಇದೆಯಲ್ಲ, ನೀವು ಗಾಬರಿಗೊಂಡಿರಬೇಕು" ಎಂದು ಅವರೆಂದುದರಲ್ಲಿ ತಪ್ಪೇನೂ ಇಲ್ಲ. ಅಂದು ಮಧ್ಯಾಹ್ನ ಆ ಇಳಿಜಾರಿಗೆ ಹೋಗುವುದಕ್ಕೆ ಹೆಸರು ಬರೆಸಿದ್ದವರು ಒಬ್ಬ ಗೃಹಸ್ಥರು. ಜೊತೆಗೆ ಅವರ ಎಂಟು ವರ್ಷದ ಮಗಳು. ಒಬ್ಬರೇ ಕೂರತಕ್ಕ ಬಂಡಿಯಲ್ಲಿ ಮಗುವನ್ನು ಮುಂದೆ ಕೂರಿಸಿಕೊಳ್ಳುವುದು ಇಂತಹ ಸ್ಥಳಗಳಲ್ಲಿ ವಾಡಿಕೆಯಾಗಿದೆ; ಅದು ಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ಹೋಗಲಿಲ್ಲ, ಏಕೆಂದರೆ ನಾನು ಮೊದಲು ಹೋಗಿದ್ದೆನು. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ಮುರಿದ ಎಲುಬಿನ ನೋವು ಹಗುರವೆನಿಸುವುದು, ಐದು ವರ್ಷದ ಅಲಕ್ಷ್ಯ ಭಾರವೆನಿಸುವುದು.

ತೋಳು ಗುಣವಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಮೂರು ಬಂಡಿಗಳ ದ್ರವವನ್ನೂ ಬದಲಿಸಿದುದು. ಹೊಸ ದ್ರವವು ಎಳ್ಳೆಣ್ಣೆಯ ತಿಳಿಬಣ್ಣದ್ದು. ಕ್ಯಾಲಿಪರಿನಿಂದ ಹೊರಬಂದುದು ಕಾಫಿಯ ಡಿಕಾಕ್ಷನ್ನಿನಂತಿತ್ತು. ಆದರೂ ಬಣ್ಣವನ್ನೇ ನಂಬಿ ಕೂರುವುದು ತರವಲ್ಲ. ತಿಳಿಯಾಗಿ ಕಾಣುವ ದ್ರವದಲ್ಲಿಯೂ ನೀರು ಅಡಗಿರಬಹುದು. ಎರಡು ವರ್ಷಕ್ಕೊಮ್ಮೆ ಎಂದು ಅನೇಕ ತಯಾರಕರ ಕೈಪಿಡಿಗಳು ವಿಧಿಸುತ್ತವೆ. ನದಿ ಕೆಸರುಗಳಲ್ಲಿ ಮುಳುಗೇಳುವ ಬಂಡಿಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದೊಡನೆ, ಮಾಡುವುದು ಲೇಸೆಂದು ನಾನು ಹೇಳುವೆನು. ಖರ್ಚು ಅರ್ಧ ಲೀಟರಿನ ಒಂದು ಡಬ್ಬಿ, ಎರಡು ಗಂಟೆಯ ಕಾಲ.

ಈ ಕೆಲಸಕ್ಕೆ ಇಬ್ಬರು ಬೇಕು. ಸಾಮಗ್ರಿ ಹೆಚ್ಚೇನಿಲ್ಲ: ಸೀಲು ಒಡೆಯದ ಹೊಸ ದ್ರವದ ಡಬ್ಬಿ, ನಿಪ್ಪಲಿಗೆ ಸರಿಹೊಂದುವ ರಿಂಗ್ ಪಾನಾ (ಬಹುಶಃ ೮ ಅಥವಾ ೧೦ ಮಿಲಿಮೀಟರಿನದು), ಅರ್ಧ ಮೀಟರು ಉದ್ದದ ಪಾರದರ್ಶಕ ನಳಿಕೆ, ಗಾಜಿನ ಶೀಶೆ, ಪಿಚಕಾರಿ, ಚಿಂದಿಬಟ್ಟೆ, ಒಂದು ಬಕೆಟ್ಟು ನೀರು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರು ಚೀಲ. ಯಾವ ದರ್ಜೆಯ ದ್ರವವೆಂಬುದನ್ನು ಕುಡಿಕೆಯ ಮುಚ್ಚಳದ ಮೇಲೆಯೇ ಅಚ್ಚೊತ್ತಿರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಿ.ಒ.ಟಿ. ೫ ಎಂಬುದು ಸಿಲಿಕೋನಿನಿಂದಾದ ಬೇರೆಯೇ ಜಾತಿ, ಡಿ.ಒ.ಟಿ. ೫.೧ ಎಂಬುದು ೩ ಮತ್ತು ೪ರ ಹಾಗೆ ಗ್ಲೈಕಾಲಿನ ಜಾತಿ. ಒಂದು ಚುಕ್ಕೆಯ ವ್ಯತ್ಯಾಸವೆಂದು ಬಗೆದು ಒಂದರಲ್ಲಿ ಇನ್ನೊಂದನ್ನು ಬೆರೆಸಿದರೆ ಬ್ರೇಕು ಕೆಡುವುದು. ಹೆಸರಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟುಂಟು.

ಮೊದಲು ಬಂಡಿಯನ್ನು ತೊಳೆದು ಒಣಗಿಸಬೇಕು. ಕೆಸರಿನ ಒಂದು ಹರಳು ಕುಡಿಕೆಯೊಳಗೆ ಬಿದ್ದರೆ ರಬ್ಬರು ಬಳೆಗಳನ್ನು ಗೀರಿಬಿಡುವುದು. ಸಮನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಟ್ಟು, ಕುಡಿಕೆಯು ಮಟ್ಟವಾಗುವಂತೆ ಹ್ಯಾಂಡಲನ್ನು ತಿರುಗಿಸಿ ಇಡಿ. ಕುಡಿಕೆಯ ಸುತ್ತ ಒದ್ದೆಬಟ್ಟೆ ಹೊದಿಸಿ, ಏಕೆಂದರೆ ಈ ದ್ರವವು ಬಣ್ಣವನ್ನು ಕಿತ್ತೇಳಿಸುವುದರಲ್ಲಿ ನಿಪುಣ. ಎಲ್ಲಾದರೂ ತೊಟ್ಟಿಕ್ಕಿದರೆ ಉಜ್ಜದೆ ತಕ್ಷಣ ನೀರು ಸುರಿಯಬೇಕು. ನೀರಿನಲ್ಲಿ ಇದು ಕರಗುವುದು. ಮುಚ್ಚಳದ ತಿರುಪುಗಳ ತಲೆ ಬಹಳ ಮೃದು. ಹೊಂದದ ಸ್ಕ್ರೂ ಡ್ರೈವರಿನಿಂದ ತಿರುವಿ ಅವುಗಳ ತಲೆ ಸವೆಸಿದವರ ಸಂಖ್ಯೆ ಅಪಾರ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಮುಚ್ಚಳವನ್ನೂ ಅದರಡಿಯ ರಬ್ಬರು ಪೊರೆಯನ್ನೂ ತೆಗೆದು, ಹಳೆಯ ದ್ರವವನ್ನು ಪಿಚಕಾರಿಯಿಂದ ಹೀರಿ, ತಳದ ಮಡ್ಡಿಯನ್ನು ಬಟ್ಟೆಯಿಂದ ಒರೆಸಿ, ಹೊಸ ದ್ರವವನ್ನು ತುಂಬಿರಿ. ಹಿಡಿಯನ್ನು ಮಾತ್ರ ಇನ್ನೂ ಮುಟ್ಟಬೇಡಿ.

ಈಗ ಹವಾ ತೆಗೆಯುವ ಕೆಲಸ. ಇದನ್ನು ಇಂಗ್ಲಿಷಿನಲ್ಲಿ ರಕ್ತ ಹರಿಸುವುದೆಂಬ ಮಾತಿನಿಂದ ಕರೆಯುತ್ತಾರೆ; ಹಳೆಯ ಕಾಲದ ವೈದ್ಯರು ರೋಗಿಯ ನಾಳವನ್ನು ತೆರೆದು ಕೆಟ್ಟ ರಕ್ತ ಹೊರಬಿಡುತ್ತಿದ್ದ ಚಿಕಿತ್ಸೆಯೇ ನೆನಪಿಗೆ ಬರುವುದು. ಪ್ರತಿ ಕ್ಯಾಲಿಪರಿನ ನೆತ್ತಿಯಲ್ಲಿ ರಂಧ್ರವುಳ್ಳ ಒಂದು ಸಣ್ಣ ನಿಪ್ಪಲಿದೆ. ಗಾಳಿಯು ಮೇಲಕ್ಕೇರುವ ಸ್ವಭಾವದ್ದಾದ್ದರಿಂದ ಅದನ್ನು ನೆತ್ತಿಯಲ್ಲಿ ಇಟ್ಟಿದ್ದಾರೆ. ಕ್ಯಾಲಿಪರನ್ನು ಬಿಚ್ಚಿ ಜೋಡಿಸುವಾಗ ಎಡದ್ದನ್ನು ಬಲಕ್ಕೆ ಹಾಕಿ, ನಿಪ್ಪಲು ಕೆಳಮುಖವಾಗಿ, ದಿನವಿಡೀ ಒತ್ತಿದರೂ ಗಾಳಿ ಹೋಗದೆ ತಲೆ ಚಚ್ಚಿಕೊಂಡವರನ್ನು ನಾನು ಕಂಡಿದ್ದೇನೆ. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಗಾಲಿಯಿಂದ ಆರಂಭಿಸಿ ಹತ್ತಿರದ್ದಕ್ಕೆ ಬರುವುದು ಸಾಮಾನ್ಯ ಕ್ರಮ. ಹಿಂಗಾಲಿಗೆ ಕಾಲಿನಿಂದ ತುಳಿಯುವ ಬೇರೆ ಬ್ರೇಕು ಇದ್ದರೆ ಅದಕ್ಕೆ ಅದರದೇ ಕುಡಿಕೆ ಇರುವುದು, ಅದನ್ನೂ ಮರೆಯಕೂಡದು.

ನಿಪ್ಪಲಿನ ಟೋಪಿ ತೆಗೆದು, ಮೊದಲು ಪಾನಾವನ್ನು ಕೂರಿಸಿ, ಆಮೇಲೆ ನಳಿಕೆಯನ್ನು ತೊಡಿಸಿ, ಅದರ ಇನ್ನೊಂದು ತುದಿಯು ಶೀಶೆಯಲ್ಲಿ ಹಾಕಿದ ಸ್ವಲ್ಪ ದ್ರವದೊಳಗೆ ಮುಳುಗಿರುವಂತೆ ಮಾಡಿ. ನಳಿಕೆಯು ನಿಪ್ಪಲಿನಿಂದ ಮೊದಲು ಮೇಲಕ್ಕೇರಿ ಬಾಗಿ ಶೀಶೆಗೆ ಇಳಿದರೆ ಗುಳ್ಳೆಗಳು ಹಿಂದಿರುಗುವುದಿಲ್ಲ. ಇನ್ನು ಇಬ್ಬರ ನಡುವಿನ ಸಂಭಾಷಣೆ. ಗಾಲಿಯ ಬಳಿ ಕುಳಿತವನು "ಒತ್ತು" ಎನ್ನುವನು. ಹ್ಯಾಂಡಲಿನ ಬಳಿ ಇರುವವನು ಹಿಡಿಯನ್ನು ನಿಧಾನವಾಗಿ ಅದುಮಿ "ಒತ್ತಿದೆ" ಎನ್ನುವನು. ಆಗ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ದ್ರವವು ನಳಿಕೆಗೆ ಚಿಮ್ಮುವುದು, ಹಿಡಿಯು ಹ್ಯಾಂಡಲಿನವರೆಗೂ ಇಳಿಯುವುದು. ಇಳಿದ ಹಿಡಿಯನ್ನು ಬಿಡದೆ ಅಲ್ಲಿಯೇ ಹಿಡಿದಿರಬೇಕು. ನಿಪ್ಪಲನ್ನು ಬಿಗಿದ ಮೇಲೆಯೇ "ಬಿಡು" ಎಂಬ ಅಪ್ಪಣೆ. ಈ ಕ್ರಮವೊಂದು ತಪ್ಪಿ, ನಿಪ್ಪಲು ತೆರೆದಿರುವಾಗಲೇ ಹಿಡಿಯನ್ನು ಬಿಟ್ಟರೆ, ತಿರುಪಿನ ಸಂದಿನಿಂದ ಗಾಳಿಯು ಒಳಗೆ ಸೆಳೆಯಲ್ಪಟ್ಟು ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಸಹಾಯಕನು ಅವಸರದವನಾಗಿದ್ದರೆ ಅವನನ್ನು ಚಹಾ ತರಲು ಕಳುಹಿಸಿ ಬೇರೊಬ್ಬನನ್ನು ಕರೆಯುವುದು ಮೇಲು. ಹಿಡಿಯನ್ನು ಪಟಪಟನೆ ಬಡಿದರೆ ಒಂದು ದೊಡ್ಡ ಗುಳ್ಳೆಯು ನೂರು ಸಣ್ಣ ಗುಳ್ಳೆಗಳಾಗಿ ಮೊಸರು ಕಡೆದಂತಾಗುವುದು; ಅವನ್ನು ಹೊರಡಿಸುವುದು ಮತ್ತೂ ಕಷ್ಟ.

ಐದಾರು ಬಾರಿ ಒತ್ತಿದೊಡನೆ ಕುಡಿಕೆಯನ್ನು ನೋಡಿ ತುಂಬಿಸುತ್ತಿರಬೇಕು. ಅದು ಬರಿದಾಗಿ ತಳದ ರಂಧ್ರ ಕಂಡಿತೆಂದರೆ ಗಾಳಿಯು ಮಾಸ್ಟರ್ ಸಿಲಿಂಡರಿಗೇ ಇಳಿಯಿತೆಂದು ಅರ್ಥ, ಮೊದಲಿನಿಂದ ಆರಂಭಿಸಬೇಕು. ಕಪ್ಪು ದ್ರವವು ಹೋಗಿ ತಿಳಿಯಾದುದು ಬರುವ ತನಕ, ಗುಳ್ಳೆಗಳು ಪೂರ್ತಿ ನಿಲ್ಲುವ ತನಕ ಮುಂದುವರಿಸಿ, ನಿಪ್ಪಲನ್ನು ಬಿಗಿದು, ಟೋಪಿ ಹಾಕಿ, ಮುಂದಿನ ಗಾಲಿಗೆ ಹೋಗಿರಿ. ನಿಪ್ಪಲನ್ನು ಬಿಗಿಯಲು ಮಣಿಕಟ್ಟಿನ ಬಲ ಸಾಕು. ಭುಜದ ಬಲ ತೋರಿಸಿದರೆ ಒಳಗೆ ಟೊಳ್ಳಾಗಿರುವ ಆ ತಿರುಪು ಮುರಿದು ಕ್ಯಾಲಿಪರಿನಲ್ಲಿಯೇ ಉಳಿಯುವುದು.

ಎಲ್ಲ ಮುಗಿದರೂ ಹಿಡಿಯು ಮೆತ್ತಗಿರುವುದುಂಟು. ಆಗ ಕ್ಯಾಲಿಪರನ್ನು ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ಅಂಟಿಕೊಂಡ ಗುಳ್ಳೆಗಳನ್ನು ಎಬ್ಬಿಸಿ ಮತ್ತೊಮ್ಮೆ ಪ್ರಯತ್ನಿಸಬೇಕು. ಮಾಸ್ಟರ್ ಸಿಲಿಂಡರಿಗೆ ಕೊಳವೆ ಸೇರುವ ಬೋಲ್ಟಿನ ಬಳಿ ಗಾಳಿ ನಿಲ್ಲುವುದು ಸಾಮಾನ್ಯ. ಅಂಥಲ್ಲಿ ಮುಚ್ಚಳ ತೆರೆದು ಹಿಡಿಯನ್ನು ಕೂದಲೆಳೆಯಷ್ಟೇ ಅಲುಗಾಡಿಸಿದರೆ ಕುಡಿಕೆಯ ತಳದಿಂದ ಮುತ್ತಿನಂತಹ ಗುಳ್ಳೆಗಳು ಮೇಲೇಳುವುದನ್ನು ನೋಡಬಹುದು. ಹಿಡಿಯನ್ನು ಹ್ಯಾಂಡಲಿಗೆ ರಬ್ಬರಿನಿಂದ ಕಟ್ಟಿ ರಾತ್ರಿಯಿಡೀ ಬಿಡುವುದು ಗ್ಯಾರೇಜಿನವರ ಹಳೆಯ ಉಪಾಯ. ಬೆಳಗ್ಗೆ ಬಿಚ್ಚಿದಾಗ ಎಷ್ಟೋ ಬಾರಿ ಹಿಡಿ ಗಟ್ಟಿಯಾಗಿರುತ್ತದೆ. ಆದರೂ ಸೋರಿಕೆಯನ್ನೋ ಉಬ್ಬಿದ ನಳಿಕೆಯನ್ನೋ ಈ ಉಪಾಯದಿಂದ ಮರೆಸಲು ಹೋಗಕೂಡದು.

ಕಡೆಗೆ ಕುಡಿಕೆಯನ್ನು ಮೇಲಿನ ಗೆರೆಗೆ ಮೀರದಂತೆ ತುಂಬಿ, ರಬ್ಬರು ಪೊರೆಯ ಮಡಿಕೆಗಳನ್ನು ಸರಿಪಡಿಸಿ ಮುಚ್ಚಬೇಕು. ಕಂಠಮಟ್ಟ ತುಂಬಿದರೆ ದ್ರವವು ಬಿಸಿಗೆ ಹಿಗ್ಗಲು ಸ್ಥಳವಿಲ್ಲದೆ ಬ್ರೇಕು ತಾನಾಗಿ ಹಿಡಿದುಕೊಳ್ಳುವುದು. ಮುಂದೆ ಎಂದಾದರೂ ಮಟ್ಟವು ಇಳಿದುದು ಕಂಡರೆ ಸುಮ್ಮನೆ ಮೇಲೆ ಸುರಿಯದೆ ಮೊದಲು ಪ್ಯಾಡುಗಳನ್ನು ನೋಡಿ. ಪ್ಯಾಡು ಸವೆದಷ್ಟೂ ಪಿಸ್ಟನ್ನು ಮುಂದೆ ಸರಿದು ದ್ರವವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಸವೆತವಿಲ್ಲದೆ ಇಳಿದಿದ್ದರೆ ಸೋರಿಕೆಯನ್ನು ಹುಡುಕಬೇಕು. ಬಂಡಿಯನ್ನು ಹತ್ತುವ ಮೊದಲು ಹಿಡಿಯನ್ನು ಬಲವಾಗಿ ಅದುಮಿ ಅರ್ಧ ನಿಮಿಷ ಹಿಡಿದಿದ್ದು, ಅದು ಇಳಿಯದೆ ನಿಂತರೆ ಸಮನೆಲದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಬಾರಿ ನಿಲ್ಲಿಸಿ ನೋಡುವುದು. ಇಳಿಜಾರು ಅದಾದ ಮೇಲೆ.

ಶೀಶೆಯಲ್ಲಿ ಉಳಿದ ಹಳೆಯ ದ್ರವವು ವಿಷ. ಅದನ್ನು ಸೋಡಾ ಬಾಟಲಿಯಲ್ಲೋ ಔಷಧದ ಬಾಟಲಿಯಲ್ಲೋ ತುಂಬಿಡಬಾರದು. ಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಸಲ ಹೇಳಬೇಕು. ಮೋರಿಗಾಗಲಿ ಗಿಡದ ಬುಡಕ್ಕಾಗಲಿ ಚೆಲ್ಲದೆ, ಹಳೆಯ ಎಣ್ಣೆಯೊಡನೆ ಬೆರೆಸದೆ, ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ತ್ಯಾಜ್ಯ ಸ್ವೀಕರಿಸುವ ವರ್ಕ್‌ಶಾಪಿಗೆ ಒಪ್ಪಿಸುವುದು. ಸೀಲು ಒಡೆದ ಹೊಸ ಡಬ್ಬಿಯಲ್ಲಿ ಅರ್ಧ ಉಳಿಯಿತೆಂದು ಮುಂದಿನ ವರ್ಷಕ್ಕೆ ಎತ್ತಿಡುವ ಮಿತವ್ಯಯವೂ ಬೇಡ. ಅಷ್ಟರಲ್ಲಿ ಅದೂ ತನ್ನ ಪಾಲಿನ ಮಳೆಗಾಲವನ್ನು ಕುಡಿದಿರುವುದು.

ಕರ್ಜತಿನ ಆ ಮೂರು ಬಂಡಿಗಳ ಕುಡಿಕೆಯ ಮುಚ್ಚಳದ ಮೇಲೆ ಈಗ ದ್ರವ ಬದಲಿಸಿದ ತಾರೀಖನ್ನು ಬಿಳಿಯ ಬಣ್ಣದಲ್ಲಿ ಬರೆಯುವ ಪದ್ಧತಿಯಿದೆ. ಮೊದಮೊದಲು ಬರೆದುದು ನಾನು. ಅಲ್ಲಿ ಬಂಡಿ ತೊಳೆಯುವ ಕೆಲಸಕ್ಕೆ ಸೇರಿ, "ಒತ್ತು" "ಬಿಡು" ಎಂಬ ಎರಡು ಮಾತುಗಳನ್ನು ನನ್ನಿಂದ ಕನ್ನಡದಲ್ಲಿಯೇ ಕಲಿತ ಮರಾಠಿ ಹುಡುಗನೊಬ್ಬನಿದ್ದಾನೆ. ಕಳೆದ ಸಲ ನಾನು ಹೋಗುವಷ್ಟರಲ್ಲಿ ಅವನು ಮೂರೂ ಬಂಡಿಗಳ ಕೆಲಸವನ್ನು ಮುಗಿಸಿ, ತನ್ನ ಕೈಬರಹದಲ್ಲಿ ತಾರೀಖು ಬರೆದು, ಶೀಶೆಯ ಕಪ್ಪು ದ್ರವವನ್ನು ನನಗೆ ತೋರಿಸುವುದಕ್ಕೆಂದೇ ಚೆಲ್ಲದೆ ಇಟ್ಟುಕೊಂಡಿದ್ದನು.